ನೀರಿನ ಹದ

ಭಂಡಿಗಡಿ
೪ ಏಪ್ರಿಲ್ ೨೦೦೪

ನಯನಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಏಳನೇ ಕ್ಲಾಸಿನ ಮೇಷ್ಟ್ರು ಕಲಿಸಿದ್ದರು. ಸುಳ್ಳು ಬರೆಯಲು ಮನಸ್ಸಾಗದೆ ಆ ಸಾಲನ್ನು ಬಿಟ್ಟಿದ್ದೇನೆ.

ಫೋನಿದೆಯಲ್ಲ, ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನು ಎತ್ತುವವನು ನಿನ್ನ ಗಂಡ. ರಾಜೇಶ ನಾನು ಹೆತ್ತ ಮಗನೇ, ಆದರೆ ಅವನ ಬಾಯಿಗೆ ಹೋದ ಮಾತೆಲ್ಲ ಬೆಲ್ಲ ಹಚ್ಚಿಕೊಂಡೇ ಹೊರಗೆ ಬರುತ್ತದೆ. "ಮಗುವಿನ ಮೈ ಹೇಗಿದೆ ಕೇಳು" ಎಂದು ನಾನು ಹೇಳಿದರೆ ಅವನು ನಿನಗೆ "ಅಮ್ಮ ನಿನ್ನನ್ನು ನೆನೆಸಿಕೊಂಡಳು" ಎನ್ನುತ್ತಾನೆ. ನೀನು ಅಲ್ಲಿ ಏನು ಹೇಳುತ್ತೀಯೋ ದೇವರಿಗೇ ಗೊತ್ತು, ನನಗೆ ಮಾತ್ರ "ನಯನಾಗೆ ಸಿಟ್ಟೇನೂ ಇಲ್ಲಮ್ಮ" ಎಂದು ಬಂದು ಮುಟ್ಟುತ್ತದೆ. ಸಿಟ್ಟಿಲ್ಲದವಳು ಯುಗಾದಿಯ ದಿನ ಹೋಳಿಗೆ ತಿನ್ನದೆ ಎರಡು ಗಂಟೆಯ ಬಸ್ಸು ಹತ್ತುತ್ತಾಳೆಯೇ?

ಆವತ್ತು ನಡೆದದ್ದನ್ನು ನಾನು ಹದಿನಾಲ್ಕು ದಿನ ತಲೆಯಲ್ಲಿ ತಿರುವಿ ಹಾಕಿದ್ದೇನೆ. ಹಬ್ಬ ಅಂತ ಪೂರ್ವಿಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟು ತಿಕ್ಕಿ, ಎಲ್ಲ ಮಕ್ಕಳಿಗೂ ಹಾಕುವ ಹಾಗೆಯೇ ನೀರು ಹಾಕಿದೆ. ಮಗು ಕೆಂಪಗಾಗಿ ಬಚ್ಚಲಿನಿಂದ ಹೊರಗೆ ಬಂದಿತು. ಕೆಂಪಗೆ ಬಂದರೆ ಒಳ್ಳೆಯ ಸ್ನಾನ ಎನ್ನುವುದು ನಮ್ಮ ಕಡೆಯ ಮಾತು. ಮಧ್ಯಾಹ್ನದ ಹೊತ್ತಿಗೆ ಮೊಣಕೈ ಸಂದಿ, ಮಂಡಿ ಸಂದಿ, ಕೆನ್ನೆ ಎಲ್ಲ ಒಡೆದು ನೀರಾಡಿತು. ನೀನು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು, "ಇನ್ನು ಮೇಲೆ ನೀವು ಅವಳನ್ನು ಮುಟ್ಟಬೇಡಿ" ಎಂದೆ. ನಿನ್ನ ಮಾವ ಕೇಳಿದರು, ಪಕ್ಕದ ಮನೆಯ ವೆಂಕಮ್ಮ ಕೇಳಿದಳು.

ಈ ಊರಲ್ಲಿ ಬಾಣಂತಿ ಇರುವ ಮನೆಯವರೆಲ್ಲ ನನ್ನನ್ನೇ ಕರೆಯುತ್ತಾರೆ ಎಂಬುದು ನಿನಗೆ ಗೊತ್ತು. ಮೀಸೆ ಬಂದವರೂ ಸಿಕ್ಕಿದರೆ "ಸುಲೋಚನಮ್ಮ, ನಿಮ್ಮ ಕೈ ನೀರು ಹುಯ್ಯಿಸಿಕೊಂಡವನು ನಾನು" ಎನ್ನುತ್ತಾರೆ. ಆ ಕೈಗೆ ನೀನು ಮುಟ್ಟಬೇಡ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದಿರಲಿ. ಬಸ್ಸಿನ ರೇಣುಕಪ್ಪನ ಕೈಯಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ ಕಳಿಸಿದ್ದೇನೆ. ಕಾಯಿಹಾಲು ಕಾಯಿಸಿ ಮನೆಯಲ್ಲೇ ತೆಗೆದದ್ದು. ಹಚ್ಚುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಮಗುವಿನ ಮೈ ಹೇಗಿದೆ ಎಂದು ಎರಡು ಸಾಲು ಬರೆ, ಬೆಲ್ಲ ಹಚ್ಚದೆ.

ಇಂತಿ,
ಸುಲೋಚನಮ್ಮ


ನರಸಿಂಹರಾಜಪುರ
೧೯ ಏಪ್ರಿಲ್ ೨೦೦೪

ಅತ್ತೆಯವರಿಗೆ ನಮಸ್ಕಾರಗಳು.

ಎಣ್ಣೆ ತಲುಪಿದೆ. ಇನ್ನೂ ತೆರೆದಿಲ್ಲ.

ಬೆಲ್ಲ ಹಚ್ಚದೆ ಬರೆ ಎಂದಿದ್ದೀರಿ. ಪೂರ್ವಿಯ ಕೆನ್ನೆ ಒಣಗಿದೆ, ಮಂಡಿ ಸಂದಿ ಒಣಗಿಲ್ಲ. ನಿದ್ದೆಯಲ್ಲೂ ಕೆರೆದುಕೊಳ್ಳುತ್ತಾಳೆ. ಕೈಗೆ ಕಾಲುಚೀಲ ಕಟ್ಟಿದರೆ ಹಲ್ಲಿನಿಂದ ಬಿಚ್ಚುತ್ತಾಳೆ. ನಾನು ಶಾಲೆಗೆ ಹೋಗುವಾಗ ಅವಳನ್ನು ಎದುರು ಮನೆಯ ಯಮುನಮ್ಮನ ಹತ್ತಿರ ಬಿಡುತ್ತಿದ್ದೆನಲ್ಲ, ಹೋದ ವಾರದಿಂದ ಅವರು ಬೇಡ ಎಂದಿದ್ದಾರೆ. "ಕಜ್ಜಿ ಅಲ್ವಾ, ನಮ್ಮ ಮೊಮ್ಮಗನಿಗೂ ಹತ್ತೀತು" ಎಂದರು. ಅಂಗಳದಲ್ಲಿ ನಿಂತು, ಮಗುವಿನ ಎದುರೇ. ಪೂರ್ವಿಗೆ ಆ ಮಾತು ಅರ್ಥವಾಗಲಿಲ್ಲ, ಅವರ ಮೊಮ್ಮಗನ ಕಡೆ ಕೈ ಚಾಚಿಕೊಂಡೇ ಇದ್ದಳು.

ಬೇಸಿಗೆ ರಜೆ ಮುಗಿಯುವವರೆಗೆ ನಾನೇ ಮನೆಯಲ್ಲಿರುತ್ತೇನೆ. ಆಮೇಲೇನು ಎಂದು ಗೊತ್ತಿಲ್ಲ.

ನಾನು ಆವತ್ತು ಆಡಿದ ಮಾತಿನ ಬಗ್ಗೆ ಬರೆಯಲು ಈಗ ನನ್ನಲ್ಲಿ ಶಕ್ತಿ ಇಲ್ಲ.

ಇತಿ,
ನಯನ


ಭಂಡಿಗಡಿ
೨ ಮೇ ೨೦೦೪

ನಯನಾಳಿಗೆ,

ಕಜ್ಜಿಯಂತೆ ಕಜ್ಜಿ. ಆ ಯಮುನಮ್ಮನನ್ನು ಒಂದು ದಿನ ನನ್ನ ಎದುರು ಕೂರಿಸು. ಕಜ್ಜಿ ಬಂದರೆ ಬೆರಳ ಸಂದಿಯಲ್ಲಿ ಬರುತ್ತದೆ, ಮನೆಮಂದಿಗೆಲ್ಲ ಬರುತ್ತದೆ. ಇದು ಕೆನ್ನೆ, ಮಂಡಿ ಸಂದಿ, ಮೊಣಕೈ ಸಂದಿ ಬಿಟ್ಟು ಕದಲಿಲ್ಲ, ನಿನಗೂ ಬರಲಿಲ್ಲ ರಾಜೇಶನಿಗೂ ಬರಲಿಲ್ಲ. ಅಷ್ಟು ನೋಡಲು ಕಣ್ಣು ಸಾಕು, ಓದು ಬೇಕಾಗಿಲ್ಲ.

ಇಲ್ಲಿ ಚಿಕ್ಕಕ್ಕ (ನಿನ್ನ ಮಾವನ ಚಿಕ್ಕಮ್ಮನ ಮಗಳು, ಮದುವೆಯಲ್ಲಿ ನಿನ್ನ ಜಡೆ ಅಳೆದು ನೋಡಿದವಳು) ಬಂದು ನಾಗನ ದೋಷ ಎಂದಳು. "ನಾಗನಿಗೆ ಬೇರೆ ಕೆಲಸ ಇಲ್ವೇನೆ ಮಾರಾಯ್ತಿ, ಒಂದೂವರೆ ವರ್ಷದ ಮಗುವಿನ ಮಂಡಿ ಹುಡುಕ್ತಾ ಕೂರಾಕೆ" ಎಂದು ಬೈದು ಕಳಿಸಿದೆ. ಅವಳು ಹೋದ ಮೇಲೆ ನಾಗಬನಕ್ಕೆ ಹಾಲೆರೆದು ಬಂದೆ. ಎರೆದದ್ದನ್ನು ಬಚ್ಚಿಡುವುದಿಲ್ಲ. ಅದರಿಂದ ಮಗುವಿನ ಮೈಗೆ ಕೆಡುಕಂತೂ ಇಲ್ಲವಲ್ಲ.

ಮೈಗೆ ಮಾತ್ರ ಏನನ್ನೂ ಅರೆದು ಹಚ್ಚಬೇಡ. ಬೇವು, ಅರಿಶಿನ, ನಿಂಬೆ ಎಂದು ದಾರಿಯಲ್ಲಿ ಹೋಗುವವರೆಲ್ಲ ಹೇಳುತ್ತಾರೆ. ಒಡೆದ ಚರ್ಮಕ್ಕೆ ನಿಂಬೆ ಹಿಂಡಿಸಿಕೊಂಡು ನೋಡಲಿ ಅವರು. ರೇಣುಕಪ್ಪನ ತಂಗಿಯ ಮಗುವಿಗೂ ಹೀಗೇ ಇತ್ತಂತೆ. ಕೊಪ್ಪಕ್ಕೆ ಬುಧವಾರ ಬುಧವಾರ ಚರ್ಮದ ಡಾಕ್ಟರಮ್ಮ ಒಬ್ಬರು ಬರುತ್ತಾರಂತೆ, ಅವರು ನೋಡಿದ ಮೇಲೆ ಗುಣ ಕಂಡಿತಂತೆ. ಹೋಗಿ ಬಾ. ಕೊಪ್ಪದವರೆಗೆ ಬಂದವಳು ಭಂಡಿಗಡಿಗೂ ಬಾ ಎಂದು ನಾನು ಹೇಳುವುದಿಲ್ಲ.

ಇಂತಿ,
ಸುಲೋಚನಮ್ಮ


ನರಸಿಂಹರಾಜಪುರ
೩೦ ಮೇ ೨೦೦೪

ಅತ್ತೆಗೆ ನಮಸ್ಕಾರಗಳು.

ನಿಮಗೆ ಮೊದಲು ಧನ್ಯವಾದ ಹೇಳಬೇಕು. ಡಾಕ್ಟರ ವಿಷಯ ನೀವು ಬರೆಯದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಹೋಗಿ ಬಂದೆವು. ಮಂಡಿ ಸಂದಿ ಮುಕ್ಕಾಲು ಒಣಗಿದೆ. ಮೊನ್ನೆ ಪೂರ್ವಿ ಬೆಳಗಿನ ತನಕ ಒಂದೇ ಸಮ ಮಲಗಿದಳು. ನಾನು ಎದ್ದು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿದೆ, ಅಷ್ಟು ಹೊಸದಾಗಿತ್ತು ನನಗೆ.

ಇದು ಇಸುಬು, ಕಜ್ಜಿಯಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದು ಡಾಕ್ಟರು ಕನ್ನಡದಲ್ಲೇ ಚೀಟಿ ಬರೆದುಕೊಟ್ಟರು. ಅದನ್ನು ಯಮುನಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪೂರ್ವಿಯನ್ನು ಎತ್ತಿಕೊಂಡು ಒಳಗೆ ಹೋದರು. ಅವರ ಮೇಲಿನ ಸಿಟ್ಟು ನನಗೆ ಅಲ್ಲಿಗೇ ಇಳಿಯಿತು.

ಕೆಲವು ಮಕ್ಕಳ ಚರ್ಮ ಹುಟ್ಟಿನಿಂದಲೇ ಒಣಗಲು ಚರ್ಮವಂತೆ, ಒಳಗಿನ ಪಸೆ ನಿಲ್ಲುವುದಿಲ್ಲವಂತೆ. ಬೆಳೆಯುತ್ತ ಎಷ್ಟೋ ಮಕ್ಕಳಿಗೆ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಬರುತ್ತದೆ ಹೋಗುತ್ತದೆ, ಗಾಬರಿ ಬೇಡ ಎಂದರು. ಹತ್ತು ನಿಮಿಷಕ್ಕಿಂತ ಹೆಚ್ಚು ಸ್ನಾನ ಬೇಡ, ಹಿಟ್ಟು ತಿಕ್ಕುವುದು ಬೇಡ, ವಾಸನೆಯ ಸೋಪು ಬೇಡ. ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಮುಲಾಮು ಸವರಬೇಕು. ತೀರಾ ಕೆಂಪಾದ ಕಡೆಗೆ ಬೇರೆ ಮುಲಾಮು, ಅವರು ಹೇಳಿದಷ್ಟೇ ದಿನ. ಉಗುರು ಗಿಡ್ಡ, ಬಟ್ಟೆ ಹತ್ತಿಯದು.

ಇನ್ನೊಂದು ಮಾತೂ ಹೇಳಿದರು. ಬಿಸಿನೀರು ತುರಿಕೆಗೆ ಒಂದು ಗಳಿಗೆಯ ಸುಖ, ಆಮೇಲೆ ಇಡೀ ದಿನದ ಉರಿ. ಯುಗಾದಿಯ ದಿನದ ಸ್ನಾನದ ವಿಷಯ ನಾನು ಹೇಳಿದಾಗ, "ನೀರು ಬಹಳ ಬಿಸಿಯಿತ್ತು, ಅಷ್ಟೇ" ಎಂದರು. ನೀವು ಬೇಕೆಂದು ಮಾಡಲಿಲ್ಲ ಎಂದು ನನಗೆ ಗೊತ್ತು. ಆದರೆ ನಿಮ್ಮ ನೀರು ಬಿಸಿಯಿತ್ತು ಅತ್ತೆ.

ಇತಿ,
ನಯನ


ಭಂಡಿಗಡಿ
೭ ಜೂನ್ ೨೦೦೪

ನಯನಾಳಿಗೆ,

ಮಗು ಮಲಗಿದ್ದು ಕೇಳಿ ಸಂತೋಷವಾಯಿತು. ನನ್ನ ನೀರು ಬಿಸಿಯಿರಲಿಲ್ಲ. ಅಂಗೈ ಅದ್ದಿ ಹದ ನೋಡಿಯೇ ಹಾಕಿದ್ದೆ. ನಾಲ್ವತ್ತು ವರ್ಷ ಹದ ತಪ್ಪದ ಕೈ ಯುಗಾದಿಯ ದಿನ ತಪ್ಪಲು ಸಾಧ್ಯವಿಲ್ಲ. ಬಚ್ಚಲಿಗೆ ಬರದ ಡಾಕ್ಟರಮ್ಮನಿಗೆ ನನ್ನ ನೀರಿನ ಬಿಸಿ ಕೊಪ್ಪದಲ್ಲಿ ಕೂತು ಹೇಗೆ ಗೊತ್ತಾಯಿತು? ಕಾರ್ಡಿನಲ್ಲಿ ಜಾಗ ಮುಗಿಯಿತು.

ಸುಲೋಚನಮ್ಮ


ಭಂಡಿಗಡಿ
೨೨ ಆಗಸ್ಟ್ ೨೦೦೪

ನಯನಾ,

ಎರಡೂವರೆ ತಿಂಗಳಾಯಿತು, ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇವತ್ತು ನಾನು ಬರೆಯಲೇಬೇಕು. ನಿಧಾನವಾಗಿ ಓದು, ನನ್ನ ಅಕ್ಷರ ಇವತ್ತು ಚೆನ್ನಾಗಿಲ್ಲ.

ಹೋದ ಮಂಗಳವಾರ ನಿನ್ನ ಮಾವನ ಮಂಡಿ ಹಿಡಿದುಕೊಂಡಿತ್ತು. ಬೋಗುಣಿಯಲ್ಲಿ ಬಿಸಿನೀರು ತಂದು, ಅಂಗೈ ಅದ್ದಿ ನೋಡಿ, ಹದವಾಗಿದೆ ಕಾಲಿಡಿ ಎಂದೆ. ಇಟ್ಟವರು ಕಿತ್ತುಕೊಂಡು, "ಕಾಲು ಬೇಯಿಸ್ತೀಯೇನೆ ಮಾರಾಯ್ತಿ" ಎಂದು ಕೂಗಿದರು. ಬೆಣ್ಣೆಯಲ್ಲಿ ಮಾಡಿದ ಕಾಲು ನಿಮ್ಮದು ಎಂದು ನಾನೂ ರೇಗಿದೆ. ಮಜ್ಜಿಗೆಗೆ ಬಂದಿದ್ದ ವೆಂಕಮ್ಮನನ್ನು ಸಾಕ್ಷಿಗೆ ಕರೆದೆ. ಅವಳು ಕೈ ಅದ್ದಿ, "ಹದಾಗೇ ಅದೆಯಲ್ಲೇ" ಎಂದಳು. ನನಗೆ ಗೆದ್ದಷ್ಟು ಖುಷಿ. ಅಷ್ಟರಲ್ಲಿ ರೇಣುಕಪ್ಪ ಪೇಪರು ಕೊಡಲು ಬಂದ. ನೀನೂ ಹೇಳು ಎಂದೆ. ಅವನು ಎರಡು ಬೆರಳು ಅದ್ದಿ, ಬೆರಳನ್ನು ಬಾಯಿಗೆ ಇಟ್ಟುಕೊಂಡ.

ಗಂಡಸರಿಬ್ಬರು ಸುಡುತ್ತದೆ ಎನ್ನುತ್ತಾರೆ, ಹೆಂಗಸರಿಬ್ಬರು ಹದ ಎನ್ನುತ್ತೇವೆ. ಗಂಡಸರ ಚರ್ಮ ತೆಳು ಎಂದು ನಗಾಡಿ ಬಿಟ್ಟುಬಿಡಬಹುದಿತ್ತು. ಆದರೆ ನಿನ್ನ ಕಾಗದದ ಆ ಒಂದು ಸಾಲು ಇತ್ತಲ್ಲ. ನಾನು ಸೆರಗು ಸರಿಸಿ ಮೊಣಕೈ ಅದ್ದಿದೆ.

ಸುಟ್ಟಿತು ನಯನಾ. ಅದೇ ನೀರು, ಅದೇ ಗಳಿಗೆ. ಅಂಗೈ ಹದ ಎಂದದ್ದನ್ನು ಮೊಣಕೈ ಬೆಂಕಿ ಎಂದಿತು. ಮತ್ತೆ ಅಂಗೈ ಇಟ್ಟೆ, ಹದ. ಮತ್ತೆ ಮೊಣಕೈ, ಬೆಂಕಿ. ನಿನ್ನ ಮಾವ ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದರು.

ಆಮೇಲೆ ನಾನೂ ವೆಂಕಮ್ಮನೂ ಜಗುಲಿಯಲ್ಲಿ ಕೂತು ಒಬ್ಬರ ಕೈ ಒಬ್ಬರು ನೋಡಿದೆವು. ಇಬ್ಬರೂ ಮದುವೆಯಾಗಿ ಬಂದ ವರ್ಷದಿಂದ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಹಸಿ ಅಡಿಕೆಯ ಚೊಗರು ಹತ್ತಿ ಹತ್ತಿ ಅಂಗೈ ಕಪ್ಪಾಗಿ, ಗೆರೆಗಳು ಒಡೆದು, ಮೇಲಿನ ಚರ್ಮ ತೊಗಲಾಗಿದೆ. ಸೂಜಿ ಚುಚ್ಚಿದೆವು. ವೆಂಕಮ್ಮನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು.

ಯಾವಾಗಿನಿಂದ ಹೀಗೆ ಎಂದು ಲೆಕ್ಕ ಹಾಕಲು ಹೋಗಿ ಭಯವಾಗಿ ಬಿಟ್ಟೆ. ರಾಜೇಶ ಚಿಕ್ಕವನಿದ್ದಾಗ ನನ್ನ ಕೈ ಹೀಗಿರಲಿಲ್ಲ. ಹೋದ ಚಳಿಗಾಲ ಸೋಮಶೇಖರಪ್ಪನವರ ಮೊಮ್ಮಗುವಿಗೆ ನೀರು ಹಾಕಿದಾಗ ಅದು ಮೈ ನೀಲಿಗಟ್ಟುವಂತೆ ಅತ್ತಿತ್ತು. ಅಳಲಿ, ಎದೆ ಗಟ್ಟಿಯಾಗುತ್ತದೆ ಎಂದಿದ್ದೆ. ಮೊನ್ನೆ ಅವರ ಮನೆಗೆ ಹೋಗಿ ಸೊಸೆಯ ಹತ್ತಿರ, ನಿನ್ನ ಮಗು ಸುಮ್ಮನೆ ಅತ್ತಿರಲಿಲ್ಲ ಕಣೆ, ನನ್ನ ಕೈ ಸತ್ತಿತ್ತು, ಎಂದು ಹೇಳಿ ಬಂದೆ. ಅವಳು ಒಳ್ಳೆಯ ಹುಡುಗಿ, ಕಾಫಿ ಕೊಟ್ಟಳು.

ಇನ್ನು ನಿನಗೆ. ಪೂರ್ವಿಯನ್ನು ನಾನು ಸುಟ್ಟಿದ್ದೆ. ಬೇಕೆಂದು ಅಲ್ಲ, ಆದರೆ ಸುಟ್ಟಿದ್ದೆ. ಆಮೇಲೆ ನೀನು ಹೇಳಿದಾಗಲೂ ಇಲ್ಲ ಎಂದೆ, ಅದು ಮಾತ್ರ ಬೇಕೆಂದೇ. ನನ್ನನ್ನು ಕ್ಷಮಿಸು. ಮುಟ್ಟಬೇಡಿ ಎಂದು ನೀನು ಹೇಳಿದ್ದೇ ಸರಿ. ಕೆಳಗಿನ ಮನೆಯ ಹುಡುಗಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ, ಹೇಳಿ ಕಳಿಸಿದ್ದರು. ಆಗುವುದಿಲ್ಲ ಎಂದೆ. ಇನ್ನು ಯಾವ ಮಗುವಿಗೂ ನಾನು ನೀರು ಹಾಕುವುದಿಲ್ಲ.

ನಿನ್ನ ಅತ್ತೆ,
ಸುಲೋಚನ


ನರಸಿಂಹರಾಜಪುರ
೩೧ ಆಗಸ್ಟ್ ೨೦೦೪

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ, ಮುಂದಿನ ಪೀರಿಯಡ್ ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತುಬಿಟ್ಟೆ. ನೀವು ಸೋಮಶೇಖರಪ್ಪನವರ ಮನೆಗೆ ನಡೆದುಕೊಂಡು ಹೋದದ್ದನ್ನು ನೆನೆದು ಅಳು ಬಂತು. ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಈಗ ನನ್ನದು ಕೇಳಿ. ಎಣ್ಣೆಯ ಬಾಟಲಿ ತೆರೆದಿಲ್ಲ ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಪೋಸ್ಟಿಗೆ ಹಾಕಿದ ದಿನವೇ ತೆರೆದೆ. ಡಾಕ್ಟರೂ ಅದನ್ನು ಮೂಸಿ ನೋಡಿ, ಇದು ಒಳ್ಳೆಯದು, ಸ್ನಾನದ ಮೇಲೆ ಹಸಿಮೈಗೆ ಹಚ್ಚಿ ಎಂದರು. ಈಗ ಬಾಟಲಿ ಖಾಲಿಯಾಗಿದೆ. ನಿಮ್ಮ ತಪ್ಪನ್ನು ಬರೆದೆ, ನಿಮ್ಮ ಎಣ್ಣೆಯ ಗುಣವನ್ನು ಬರೆಯಲಿಲ್ಲ.

ಜುಲೈ ತಿಂಗಳಲ್ಲಿ ಪೂರ್ವಿಯ ಮೈ ಮತ್ತೆ ಒಡೆಯಿತು. ಕುತ್ತಿಗೆ, ಹೆಗಲು, ಮುಂಗೈ. ನೀವು ಇರಲಿಲ್ಲ, ಬಿಸಿನೀರು ಇರಲಿಲ್ಲ. ಯಾರನ್ನು ಬೈಯಲಿ ಎಂದು ಹುಡುಕಿದೆ. ಕೊಪ್ಪಕ್ಕೆ ಹೋದರೆ ಡಾಕ್ಟರು ಮಗುವಿನ ಸ್ವೆಟರನ್ನು ಬೆರಳಲ್ಲಿ ಎತ್ತಿ ಹಿಡಿದು, "ಈ ಉಣ್ಣೆ ಯಾರು ಹಾಕಿದ್ದು?" ಎಂದರು. ನಾನೇ ಹೆಣೆದದ್ದು ಅತ್ತೆ, ಎರಡು ತಿಂಗಳು ಕೂತು. ಚಳಿ ಎಂದು ಮೂರು ವಾರ ಬಿಡದೆ ಹಾಕಿದ್ದೆ. ಮಗು ಅದನ್ನು ಎಳೆದು ಎಳೆದು ಅಳುತ್ತಿದ್ದಾಗ ಹಟ ಎಂದು ಗದರಿದ್ದೆ. ಆ ದಿನ ಯಾರೂ ನನಗೆ ಮುಟ್ಟಬೇಡಿ ಎನ್ನಲಿಲ್ಲ. ಸ್ವೆಟರು ತೆಗೆಯಿರಿ ಎಂದರು, ಅಷ್ಟೇ. ಯುಗಾದಿಯ ದಿನ ನಾನೂ ನೀರು ಬಿಸಿಯಾಗಿದೆ ಎಂದಷ್ಟೇ ಹೇಳಬೇಕಿತ್ತು. ನಾನು ಮಗುವಿನಿಂದ ನೀರನ್ನು ದೂರ ಇಡುವ ಬದಲು ನಿಮ್ಮನ್ನು ದೂರ ಇಟ್ಟೆ. ನೀವು ಕ್ಷಮೆ ಕೇಳಿದ್ದೀರಿ. ನಾನೂ ಕೇಳುತ್ತಿದ್ದೇನೆ.

ಹಸಿಗೂಸಾಗಿದ್ದಾಗ ನೀವು ಅವಳಿಗೆಂದು ಹರಿದುಕೊಟ್ಟ ಹಳೆಯ ಸೀರೆಯ ತುಂಡುಗಳಿವೆಯಲ್ಲ, ಈಗ ಅವಳ ಹಾಸಿಗೆಯ ಮೇಲೆ ಅವೇ ಇರುವುದು. ಅವುಗಳ ಮೇಲೆ ಮಾತ್ರ ಅವಳಿಗೆ ತುರಿಸುವುದಿಲ್ಲ.

ಒಂದು ಕೇಳುತ್ತೇನೆ. ಯುಗಾದಿಗೆ ಮೊದಲು ನಾವು ಅಲ್ಲಿದ್ದ ನಾಲ್ಕು ದಿನ ಅವಳು ನಿಮ್ಮ ತೊಡೆಯ ಮೇಲಿದ್ದಾಗ ಕೆರೆದುಕೊಳ್ಳುತ್ತಿರಲಿಲ್ಲ. ಇಲ್ಲಿ ನಾನು ದಿನಕ್ಕೆ ನೂರು ಸಲ "ಕೆರೀಬೇಡ" ಎನ್ನುತ್ತೇನೆ. ನೀವು ಏನು ಮಾಡುತ್ತಿದ್ದಿರಿ?

ನಿಮ್ಮ ಸೊಸೆ,
ನಯನ


ಭಂಡಿಗಡಿ
೧೨ ಸೆಪ್ಟೆಂಬರ್ ೨೦೦೪

ಪ್ರೀತಿಯ ನಯನಾ,

ನಿನ್ನ ಕಾಗದವನ್ನು ನಿನ್ನ ಮಾವನಿಗೂ ಓದಿ ಹೇಳಿದೆ. ಸ್ವೆಟರಿನ ವಿಷಯ ಬಂದಾಗ ಅವರು, "ಸರಿಯಾಯ್ತು, ಈಗ ಅತ್ತೆ ಸೊಸೆ ಒಂದೇ ತಕ್ಕಡಿ" ಎಂದರು. ಮಾತಾಡುವುದು ಅಪರೂಪ, ಆಡಿದರೆ ಹೀಗೆ.

ಕೆರೀಬೇಡ ಎಂದರೆ ಯಾವ ಮಗುವೂ ಕೇಳುವುದಿಲ್ಲ ಮಾರಾಯ್ತಿ. ತುರಿಸುವಾಗ ನಾವು ಕೇಳುತ್ತೇವೆಯೇ? ಬೇಡ ಎಂದರೆ ಕೈಗೆ ಕೆಲಸ ತಪ್ಪುತ್ತದೆ, ಅದು ಅಲ್ಲಿಗೇ ಹೋಗುತ್ತದೆ. ಕೈಗೆ ಬೇರೆ ಕೆಲಸ ಕೊಡಬೇಕು. ನಾನು ಅವಳ ಹತ್ತಿರ ರೊಟ್ಟಿ ತಟ್ಟಿಸುತ್ತಿದ್ದೆ. ನಾನು ಅಕ್ಕಿರೊಟ್ಟಿ ತಟ್ಟುವುದನ್ನು ಅವಳು ನೋಡಿದ್ದಾಳಲ್ಲ. ಎಲ್ಲಿ ತುರಿಸುತ್ತದೋ ಅಲ್ಲಿ ಅವಳ ಅಂಗೈ ಹಿಡಿದು ಮೆಲ್ಲಗೆ ತಟ್ಟಿಸುವುದು. ಉಗುರು ತಾಗಬಾರದು, ಅಂಗೈ ಮಾತ್ರ. ಬಾಯಲ್ಲಿ ಹೀಗೆ ಹೇಳುತ್ತಿದ್ದೆ:

ತಟ್ಟು ತಟ್ಟು ರೊಟ್ಟಿ
ಅಜ್ಜಂಗೊಂದು ಗಟ್ಟಿ
ಪುಟ್ಟಿಗೊಂದು ಮೆತ್ತ
ತುರಿಕೆ ಹೋಯ್ತು ಅತ್ತ

ನಾನೇ ಕಟ್ಟಿದ್ದು, ನಗಬೇಡ. "ಅತ್ತ" ಎನ್ನುವಾಗ ಅವಳ ಕೈಯನ್ನು ದೂರಕ್ಕೆ ಬೀಸಿಸಬೇಕು. ಅದಕ್ಕೇ ಅವಳು ಕಾಯುತ್ತಿರುತ್ತಾಳೆ. ಬಹಳ ತುರಿಸಿದರೆ ಮೆತ್ತನೆಯ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಅಲ್ಲಿ ಇಟ್ಟು, ಅದರ ಮೇಲೆ ತಟ್ಟಿಸು.

ಎರಡು ಬಾಟಲಿ ಎಣ್ಣೆ ಕಳಿಸಿದ್ದೇನೆ. ಇನ್ನೊಂದು ಹಳೆಯ ಸೀರೆಯೂ ಇದೆ, ಹಸಿರು ಅಂಚಿನದು. ಐವತ್ತು ಸಲವಾದರೂ ಒಗೆದಿದ್ದೇನೆ, ಬೆಣ್ಣೆಯ ಹಾಗಾಗಿದೆ.

ನಿನ್ನ ಅತ್ತೆ,
ಸುಲೋಚನ


ನರಸಿಂಹರಾಜಪುರ
೧೦ ಅಕ್ಟೋಬರ್ ೨೦೦೪

ಪ್ರೀತಿಯ ಅತ್ತೆ,

ಮೊದಲ ದಿನ ನನಗೆ ರಾಗ ಬರಲಿಲ್ಲ, ಪೂರ್ವಿ ನನ್ನ ಬಾಯಿ ಮುಚ್ಚಿದಳು. ಮೂರನೆಯ ದಿನ ಅವಳೇ ಮಂಡಿಯ ಹಿಂದೆ ತಟ್ಟಿಕೊಂಡು "ತತ್ತು ತತ್ತು" ಎಂದಳು. ಈಗ ತುರಿಸಿದಾಗೆಲ್ಲ ನನ್ನ ಹತ್ತಿರ ಓಡಿಬಂದು "ಒಟ್ಟಿ" ಎನ್ನುತ್ತಾಳೆ. ಯಮುನಮ್ಮ ಕೂಡ ಕಲಿತಿದ್ದಾರೆ, ಅವರ ಮೊಮ್ಮಗನಿಗೆ ಸೊಳ್ಳೆ ಕಚ್ಚಿದರೂ ಅದೇ ಪದ. ನಿಮ್ಮ ಮಗ ಆಫೀಸಿನಿಂದ ಬಂದು ಬೆವರುಸಾಲೆ ಎಂದು ಬೆನ್ನು ತೋರಿಸಿದರೆ ಆ ಬೆನ್ನಿಗೂ ರೊಟ್ಟಿ. ಕಾಲುಚೀಲಗಳನ್ನು ಪೂರ್ವಿಯ ಕೈಯಿಂದ ಬಿಚ್ಚಿ ಕಾಲಿಗೆ ಹಾಕಿದೆ. ಅಷ್ಟನ್ನು ನಿಮಗೆ ಬರೆಯಬೇಕು ಎನ್ನಿಸಿತು.

ದೀಪಾವಳಿಗೆ ಬರುತ್ತೇವೆ. ನೀರು ತುಂಬುವ ಹಬ್ಬದ ಸಂಜೆಗೇ ಅಲ್ಲಿರುತ್ತೇವೆ. ಮರುದಿನ ಬೆಳಿಗ್ಗೆ ಪೂರ್ವಿಗೆ ನೀವೇ ನೀರು ಹಾಕಬೇಕು.

ನಿಮ್ಮ,
ನಯನ


ಭಂಡಿಗಡಿ
೨೪ ಅಕ್ಟೋಬರ್ ೨೦೦೪

ಪ್ರೀತಿಯ ನಯನಾ,

ಬನ್ನಿ. ಹಂಡೆ ಬೆಳಗುತ್ತೇನೆ, ಅದಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತುತ್ತೇನೆ, ಕಡುಬು ಮಾಡುತ್ತೇನೆ. ಸ್ನಾನ ಮಾತ್ರ ನೀನೇ ಮಾಡಿಸು. ನಾನು ಬಚ್ಚಲ ಬಾಗಿಲಲ್ಲಿ ಬಟ್ಟೆ ಹಿಡಿದುಕೊಂಡು ನಿಂತಿರುತ್ತೇನೆ. ಕರುಣೆಗೆ ಕರೆಯಬೇಡ. ಹದ ತಿಳಿಯದ ಕೈಗೆ ಮಗುವನ್ನು ಕೊಡಬಾರದು, ನನ್ನ ಕೈಯಾದರೂ ಅಷ್ಟೇ.

ನಿನ್ನ ಅತ್ತೆ,
ಸುಲೋಚನ


ನರಸಿಂಹರಾಜಪುರ
೩ ನವೆಂಬರ್ ೨೦೦೪

ಅತ್ತೆ,

ಕರುಣೆ ಅಲ್ಲ. ನಾನು ನೀರು ಹಾಕಿದರೆ ಪೂರ್ವಿ ಅಳುತ್ತಾಳೆ. ನನ್ನ ಕೈ ಗಡಿಬಿಡಿಯದು, ಅವಳ ತಲೆ ಹಿಡಿಯಲು ಬರುವುದಿಲ್ಲ, ಕಣ್ಣಿಗೆ ನೀರು ಹೋಗುತ್ತದೆ. ನಿಮ್ಮ ಕಾಲ ಮೇಲೆ ಮಲಗಿದ ಮಗುವಿನ ಕಣ್ಣಿಗೆ ಒಂದು ಹನಿ ಹೋದದ್ದನ್ನು ನಾನು ನೋಡಿಲ್ಲ. ಬಿಸಿ ತಿಳಿಯದಿದ್ದರೂ ಉಳಿದದ್ದೆಲ್ಲ ನಿಮ್ಮ ಕೈಗೆ ಇನ್ನೂ ತಿಳಿದಿದೆ.

ಹಾಗಾಗಿ ನಾನು ಹೀಗೆ ಯೋಚಿಸಿದ್ದೇನೆ. ಹದ ನೋಡುವುದು ನನ್ನ ಮೊಣಕೈ. ನೀರು ಹಾಕುವುದು ನಿಮ್ಮ ಕೈ. ಹಿಟ್ಟು ಇಲ್ಲ, ಉಜ್ಜುವುದು ಇಲ್ಲ, ಹತ್ತು ನಿಮಿಷ. ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡಿ.

ನಿಮ್ಮ,
ನಯನ


ಭಂಡಿಗಡಿ
೨೧ ನವೆಂಬರ್ ೨೦೦೪

ಪ್ರೀತಿಯ ನಯನಾ,

ನೀವು ಹೋಗಿ ವಾರವಾಯಿತು. ನಿನ್ನ ಜೊತೆಯಲ್ಲೇ ಇದ್ದೆ, ಆದರೂ ಎದುರು ಹೇಳಲು ಬಾರದ ಒಂದೆರಡು ಮಾತು ಉಳಿದಿದೆ. ನಮಗಿಬ್ಬರಿಗೂ ಕಾಗದವೇ ಸರಿ.

ಆ ಬೆಳಿಗ್ಗೆ ನೀನು ಬಳೆ ಮೇಲೆ ಸರಿಸಿ ಸ್ನಾನದ ನೀರಿನ ಕೊಳದಪ್ಪಲೆಗೆ ಮೊಣಕೈ ಅದ್ದಿ, ತಣ್ಣೀರು ಬೆರೆಸಿ, ಮತ್ತೆ ಅದ್ದಿ, "ಹೂಂ ಅತ್ತೆ" ಎಂದೆಯಲ್ಲ. ಆ ನೀರು ನನ್ನ ಅಂಗೈಗೆ ತಣ್ಣೀರು. ಇಷ್ಟು ತಣ್ಣಗಿನ ನೀರನ್ನು ಹಬ್ಬದ ದಿನ ಮಗುವಿಗೆ ಹಾಕುವುದೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಮುಖ ನೋಡಿ ನುಂಗಿಕೊಂಡೆ. ಪೂರ್ವಿ ನನ್ನ ಕಾಲ ಮೇಲೆ ಮಲಗಿ ನಕ್ಕಾಗ ಗೊತ್ತಾಯಿತು. ನಾನು ನೀರು ಹಾಕುವಾಗ ಮಕ್ಕಳು ಅಳುವುದನ್ನು ಬಹಳ ವರ್ಷದಿಂದ ಕೇಳುತ್ತಿದ್ದೆ. ನಗುವುದನ್ನು ಮರೆತೇಬಿಟ್ಟಿದ್ದೆ. ನೀನು ಅದನ್ನು ನನಗೆ ಹಿಂದಕ್ಕೆ ಕೊಟ್ಟೆ.

ಕೆಳಗಿನ ಮನೆಯವರು ಮತ್ತೆ ಹೇಳಿ ಕಳಿಸಿದ್ದರು. ಗಂಡುಮಗು, ಈಗ ಎರಡು ತಿಂಗಳು. ಒಪ್ಪಿಕೊಂಡೆ. ಬಾಣಂತಿ ದಿನಾ ಬಚ್ಚಲಿಗೆ ಬಂದು ಮೊದಲು ತನ್ನ ಮೊಣಕೈ ಅದ್ದಬೇಕು, ಅವಳು ಹೂಂ ಎಂದ ಮೇಲೇ ನಾನು ತಂಬಿಗೆ ಎತ್ತುವುದು ಎಂದು ಷರತ್ತು ಹಾಕಿದೆ. ಅವಳ ತಾಯಿ ಇದೆಂಥ ಹೊಸ ಶಾಸ್ತ್ರ ಎಂದು ಕೇಳಿದಳು. ನಮ್ಮ ಸೊಸೆ ತಂದ ಶಾಸ್ತ್ರ ಎಂದೆ. ಇದನ್ನು ವೆಂಕಮ್ಮ ಆಗಲೇ ಭಂಡಿಗಡಿಗೆಲ್ಲ ಹಂಚಿದ್ದಾಳೆ.

ಇನ್ನೊಂದು. ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ, ನೀನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಪೂರ್ವಿ ನನ್ನ ತೊಡೆಯ ಮೇಲೆ ಕೂತು ನನ್ನ ಕೈ ಬಿಡಿಸಿ ನೋಡಿದಳು. ಈ ವರ್ಷದ ಅಡಿಕೆ ಶುರುವಾಗಿ ಮೂರು ವಾರವಾಗಿದೆ, ಅಂಗೈ ಕಪ್ಪಾಗಿ ಗೆರೆಗೆರೆ ಒಡೆದಿತ್ತು. ಅವಳು ಬಹಳ ಹೊತ್ತು ನೋಡಿ, ತನ್ನ ಮಂಡಿಯ ಹಿಂದೆ ಮುಟ್ಟಿ, ಮತ್ತೆ ನನ್ನ ಅಂಗೈ ಮುಟ್ಟಿ, "ಅಜ್ಜಿಗೂ" ಎಂದಳು. ತನ್ನ ಹಾಗೆಯೇ ನನಗೂ ಆಗಿದೆ ಎಂದು ತಿಳಿದುಕೊಂಡಿತು ಆ ಮಗು. ಆಮೇಲೆ ಅವಳ ಪುಟ್ಟ ಅಂಗೈಯಿಂದ ನನ್ನ ಅಂಗೈ ಮೇಲೆ ರೊಟ್ಟಿ ತಟ್ಟಿದಳು. ತನ್ನ ತೊದಲಲ್ಲೇ ಪೂರ್ತಿ ಪದ ಹೇಳಿ, "ಅತ್ತ" ಎಂದು ಕೈ ಬೀಸಿ, ಮತ್ತೆ ಮೊದಲಿನಿಂದ. ಬಸ್ಸಿನ ಹಾರನ್ ಕೇಳುವ ತನಕ ತಟ್ಟಿದಳು.

ಸೂಜಿ ಚುಚ್ಚಿದರೆ ತಿಳಿಯದ ಕೈ ನನ್ನದು. ಅವಳು ತಟ್ಟಿದ್ದು ಪ್ರತಿ ಸಲವೂ ತಿಳಿಯಿತು ನಯನಾ.

ಮುಂದಿನ ಸಲ ಬರುವವರೆಗೆ ಅವಳು ಕೇಳುತ್ತಿದ್ದರೆ, ಅಜ್ಜಿಯ ಕೈ ವಾಸಿಯಾಯಿತಂತೆ ಎಂದು ಹೇಳು.

ನಿನ್ನ ಅತ್ತೆ,
ಸುಲೋಚನ